ಅಪ್ಪನ ಬೆನ್ನಿನ ಸರ್ಪಸುತ್ತು

ನಾಲ್ಕನೇ ವರ್ಷದ ಹೊತ್ತಿಗೆ ನನಗೆ ಪಿಎಚ್‌ಡಿ ಎಂದರೆ ಬಸ್ಸು ಎಂದಾಗಿಬಿಟ್ಟಿತ್ತು. ಶೆಟ್ಟಿಹಳ್ಳಿಯಿಂದ ಗೊರಗುಂಟೆಪಾಳ್ಯ, ಅಲ್ಲಿಳಿದು ಇನ್ನೊಂದು ಬಸ್ಸಿನಲ್ಲಿ ಹೆಬ್ಬಾಳ. ಮನೆಯಲ್ಲಿ ನಾನು, ಅಪ್ಪ ಇಬ್ಬರೇ. ಅಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿದು ನಿವೃತ್ತನಾಗಿದ್ದ.

ನನ್ನ ಕೆಲಸ ಹರ್ಪಿಸ್ ವೈರಸ್ ಮೇಲೆ. ತುಟಿಯ ಮೇಲೆ ಗುಳ್ಳೆ ಎಬ್ಬಿಸುತ್ತದಲ್ಲ, ಅದು. ಗುಳ್ಳೆ ಒಣಗಿದರೂ ವೈರಸ್ ಹೋಗುವುದಿಲ್ಲ, ನರದೊಳಗೆ ಸೇರಿ ಸುಮ್ಮನಿದ್ದುಬಿಡುತ್ತದೆ. ಆಗ ಅದು ಮೈಕ್ರೋಆರ್‌ಎನ್‌ಎ ಎಂಬ ತೀರಾ ಚಿಕ್ಕ ತುಣುಕುಗಳನ್ನು ತಯಾರಿಸುತ್ತದೆ. ಜೀನ್‌ಗಳ ಬಾಯಿ ಮುಚ್ಚಿಸುವುದು ಅವುಗಳ ಕೆಲಸ. ಅಂಥ ಒಂದು ತುಣುಕೇ ವೈರಸ್ಸನ್ನು ಮಲಗಿಸಿಡುತ್ತದೆ ಎಂದು ನನ್ನ ಪ್ರಯೋಗಗಳು ಎರಡು ವರ್ಷದಿಂದ ಹೇಳುತ್ತಿದ್ದವು. ಆ ಮಳೆಗಾಲದಲ್ಲಿ ಹೊಸ ಜೀವಕೋಶಗಳನ್ನು ತರಿಸಿ ಅದೇ ಪ್ರಯೋಗ ಮತ್ತೆ ಮಾಡಿದಾಗ ಆ ಪರಿಣಾಮ ಕಾಣಲೇ ಇಲ್ಲ.

"ಇನ್ನೊಂದ್ಸಲ ಮಾಡಿ ನೋಡಿ," ಎಂದರು ನನ್ನ ಗೈಡ್. ಅವರು ಬೈದಿದ್ದರೆ ಮೇಲಿತ್ತು. ಭಾನುವಾರವೂ ಹೋಗತೊಡಗಿದೆ. ಮನೆಗೆ ಬಂದು ಅಪ್ಪ ಮಾಡಿಟ್ಟ ಮುದ್ದೆ ಸಾರು ಉಂಡು, ಅವನ ಮುಖ ಸರಿಯಾಗಿ ನೋಡದೆ ಮಲಗಿಬಿಡುತ್ತಿದ್ದೆ.

ಒಂದು ಭಾನುವಾರ ಲ್ಯಾಬಿನಲ್ಲಿ ಕರೆಂಟ್ ಹೋಗಿ ಮಧ್ಯಾಹ್ನವೇ ವಾಪಸಾದೆ. ಅಪ್ಪ ಅಂಗಿ ಬಿಚ್ಚಿ ಜಗಲಿಯ ಮೇಲೆ ಕೂತಿದ್ದ. ಪಕ್ಕದ ಬೀದಿಯ ಅಜ್ಜಿಯೊಬ್ಬರು ಕೆಮ್ಮಣ್ಣು ಕಲಸಿ ಅವನ ಪಕ್ಕೆಯಿಂದ ಬೆನ್ನಿನವರೆಗೆ ಬಳಿಯುತ್ತಿದ್ದರು. ಮಣ್ಣಿನಡಿ ಗುಳ್ಳೆಗಳ ಪಟ್ಟಿ. ಸರ್ಪಸುತ್ತು. ನಾನು ಓದುವ ವೈರಸ್ಸಿನ ದಾಯಾದಿ.

"ಎಷ್ಟ್ ದಿನ ಆಯ್ತು?" ಎಂದೆ.

"ಆರ್ ದಿನ ಆಗಿರ್ಬೇಕು ಕಣವ್ವ," ಎಂದರು ಅಜ್ಜಿ. "ತಲೆ ಬಾಲ ಇನ್ನೂ ಕೂಡಿಲ್ಲ, ಎದ್ರುಕೋಬ್ಯಾಡ." ಸುತ್ತು ಪೂರ್ತಿಯಾದರೆ ಜೀವಕ್ಕೆ ಅಪಾಯ ಎಂದು ಅವರ ನಂಬಿಕೆ.

"ನಂಗ್ಯಾಕಪ್ಪಾ ಹೇಳ್ಲಿಲ್ಲ?"

"ನೀನೇ ಸುಸ್ತಾಗಿ ಬರ್ತೀಯ," ಎಂದ ಅಪ್ಪ. "ಅದ್ರ ಮ್ಯಾಲೆ ಇದನ್ನ ಎಂಗ್ ಏಳ್ಲಿ?"

ಆಟೋದಲ್ಲಿ ದಾಸರಹಳ್ಳಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. "ಮೊದಲ ಮೂರು ದಿನದಲ್ಲೇ ಬಂದಿದ್ರೆ ಚೆನ್ನಾಗಿತ್ತು," ಎನ್ನುತ್ತಲೇ ಡಾಕ್ಟರು ಮಾತ್ರೆ ಬರೆದರು. ಅದು ನನಗೆ ಗೊತ್ತಿತ್ತು. ಜೂನಿಯರ್‌ಗಳಿಗೆ ನಾನೇ ಪಾಠ ಮಾಡಿದ್ದೆ. ನನ್ನ ಓದೇನೆಂದು ಡಾಕ್ಟರು ಕೇಳದಿದ್ದುದೇ ಪುಣ್ಯ.

ವಾಪಸು ಬರುವಾಗ ಅಪ್ಪ ಕೇಳಿದ, "ಇದು ಎಲ್ಲಿಂದ ಬಂತು?"

"ಚಿಕ್ಕವನಿದ್ದಾಗ ನಿಂಗೆ ಮೈಮೇಲೆ ಅಮ್ಮ ಎದ್ದಿತ್ತಲ್ಲ, ಚಿಕನ್‌ಪಾಕ್ಸು, ಅದೇ ವೈರಸ್. ನರದೊಳಗೆ ಮಲಗಿತ್ತು."

"ಇಷ್ಟ್ ವರ್ಸಾನಾ? ಈಗ ಯಾರ್ ಎಬ್ಬಿಸಿದ್ರು?"

"ಗೊತ್ತಿಲ್ಲಪ್ಪ. ವಯಸ್ಸಾದ್ರೆ, ಯೋಚನೆ ಜಾಸ್ತಿಯಾದ್ರೆ ಏಳತ್ತೆ ಅಂತಾರೆ," ಎಂದವಳು ಅಲ್ಲಿಗೇ ನಿಲ್ಲಿಸಿದೆ. ಅವನಿಗೆ ನನ್ನದೊಂದೇ ಯೋಚನೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಗುಳ್ಳೆಗಳು ಒಣಗಿದವು. ನೋವು ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಅಂಗಿ ತಾಗಿದರೆ ಅಪ್ಪ ಹಲ್ಲು ಕಚ್ಚುತ್ತಿದ್ದ. ನಾನು ಭಾನುವಾರ ಮನೆಯಲ್ಲೇ ಇರತೊಡಗಿದೆ. ಅವನಿಗೆ ಉಪಯೋಗವಾಗುವಂಥದ್ದೇನೂ ನನಗೆ ಮಾಡಲು ಬರುತ್ತಿರಲಿಲ್ಲ. ಅಡುಗೆ ಮಾಡುತ್ತಿದ್ದೆ.

ಅಷ್ಟರಲ್ಲಿ ಲ್ಯಾಬಿನಲ್ಲಿ ಕಾರಣ ಸಿಕ್ಕಿತು. ನನ್ನ ಹಳೆಯ ಕೋಶಗಳಲ್ಲಿ ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣದಷ್ಟು ಸಣ್ಣ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ವೈರಸ್ಸನ್ನು ಸುಮ್ಮನಾಗಿಸಿದ್ದು ನನ್ನ ತುಣುಕಲ್ಲ, ಆ ಕೊಳೆ. ಎರಡು ವರ್ಷದ ಕೆಲಸ ಹೋಯಿತು. ಅಳು ಬರಲಿಲ್ಲ. ಆ ಕೋಶಗಳ ಬಾಟಲಿಗಳಿಗೆಲ್ಲ ಬ್ಲೀಚ್ ಸುರಿದು, ಮೇಜು ಒರೆಸಿ ಮನೆಗೆ ಬಂದೆ.

ಅಪ್ಪನಿಗೆ ಹೇಳಿದೆ. "ಅಳತೆ ನೋಡೋ ಗೇಜೇ ತಪ್ಪಿದ್ರೆ ಲಾಟ್ ಪೂರ್ತಿ ಸ್ಕ್ರ್ಯಾಪು. ನಮಗೂ ಆಗಿತ್ತು," ಎಂದ.

"ಆಗ ಏನ್ ಮಾಡ್ತಿದ್ರಿ?"

"ಫೋರ್ಮನ್ ಹತ್ರ ಏಳ್ತಿದ್ವಿ. ಮುಚ್ಚಿಡೋಕ್ ಆಗುತ್ತಾ?"

ಮರುದಿನ ಗೈಡ್ ಮುಂದೆ ಎಲ್ಲವನ್ನೂ ಇಟ್ಟೆ. "ಇದನ್ನೂ ಬರೀರಿ," ಎಂದರು. ನನ್ನ ಪ್ರಬಂಧದಲ್ಲಿ ಒಂದಿಡೀ ಅಧ್ಯಾಯ ಈ ಸೋತ ಪ್ರಯೋಗದ ಬಗ್ಗೆಯೇ ಇದೆ. ಪದವಿ ಎರಡು ವರ್ಷ ತಡವಾಗಿ ಬಂತು. ಅಪ್ಪನ ನೋವು ಅದಕ್ಕೂ ಮುಂಚೆ, ಆ ಯುಗಾದಿ ಕಳೆದ ಮೇಲೆ ಕಡಿಮೆಯಾಯಿತು. ಯಾವ ದಿನ ಪೂರ್ತಿ ಹೋಯಿತೆಂದು ಅವನಿಗೂ ನೆನಪಿಲ್ಲ.