ಪಕ್ಕದವ ಕೈಬಿಟ್ಟದ್ದು

ಅವನ ಕೆಲಸ ಕುದುರೆ ಓಡಿಸುವುದಲ್ಲ, ಕುದುರೆಯ ಪಕ್ಕದಲ್ಲಿ ನಡೆಯುವುದು. ಆಟಿಸಂ ಇರುವ ಮಕ್ಕಳು ಜೀನಿನ ಮೇಲೆ ಕೂತಾಗ, ಬೀಳದಂತೆ ಅವರ ತೊಡೆಯ ಮೇಲೆ ಕೈಯಿಟ್ಟುಕೊಂಡು ಮರಳಿನ ಅಂಗಳದಲ್ಲಿ ಇಪ್ಪತ್ತು ಸುತ್ತು ಹಾಕಬೇಕು. ಲಾಯದಲ್ಲಿ ಅವನಿಗೆ ಪಕ್ಕದವ ಎಂದೇ ಹೆಸರು.

"ನಡೆಯೋದಕ್ಕೂ ಸಂಬಳ ಕೊಡ್ತಾರೇನೋ?" ಎಂದು ಅಕ್ಕ ಕೇಳಿದ್ದಳು.

"ಕೈ ಬಿಡದೇ ಇರೋದಕ್ಕೆ ಕೊಡ್ತಾರೆ" ಎಂದು ಎದೆಯುಬ್ಬಿಸಿದ್ದ. ಕುದುರೆ ಸೀನಿದರೂ ತನಗೆ ಹೆದರಿಕೆಯಾಗುತ್ತದೆ ಎಂಬ ಸಣ್ಣ ವಿಷಯವನ್ನು ಅಕ್ಕನಿಗೂ ಹೇಳಿರಲಿಲ್ಲ, ಕೆಲಸ ಕೊಟ್ಟವರಿಗೂ ಹೇಳಿರಲಿಲ್ಲ.

ಮಂಗಳವಾರ ಎಂಟು ವರ್ಷದ ಹುಡುಗಿಯೊಬ್ಬಳ ಸರದಿ. ತಾನಾಗಿ ಮಾತಾಡುವುದು ಕಡಿಮೆ. ಕಿವಿಗೆ ಬಿದ್ದದ್ದನ್ನು ಬಿದ್ದ ಧಾಟಿಯಲ್ಲೇ ಒಪ್ಪಿಸುತ್ತಾಳೆ. ಏಳನೇ ಸುತ್ತಿನಲ್ಲಿ ಹೊರಗೆ ಯಾರೋ ತಗಡಿನ ಬಾಗಿಲು ಎಳೆದರು. ಕುದುರೆ ಬೆಚ್ಚಿ ಪಕ್ಕಕ್ಕೆ ಹಾರಿತು. "ಅಮ್ಮಾ, ಸತ್ತೆ" ಎಂದವನೇ ನಮ್ಮ ಪಕ್ಕದವ ಎರಡು ನೆಗೆತಕ್ಕೆ ಬೇಲಿ ಮುಟ್ಟಿದ್ದ. ತಿರುಗಿ ನೋಡಿದರೆ, ಮುಂದೆ ಲಗಾಮು ಹಿಡಿದಿದ್ದ ತರಬೇತುದಾರರು ಕುದುರೆಯನ್ನು ಸಮಾಧಾನ ಮಾಡುತ್ತಿದ್ದರು. ಹುಡುಗಿ ಅದರ ಕುತ್ತಿಗೆಯ ಕೂದಲು ಹಿಡಿದು ನೆಟ್ಟಗೆ ಕೂತಿದ್ದಳು.

ದೂರದ ಬೆಂಚಿನಿಂದ ಅವಳ ತಾಯಿ ಓಡಿಬಂದರು. ಕುದುರೆಯ ಮರೆಯಲ್ಲಿ ಅವನ ನೆಗೆತ ಅವರಿಗೆ ಕಂಡಿರಲಿಲ್ಲ, ತಗಡಿನ ಸದ್ದಿನಲ್ಲಿ ಅವನ ಕೂಗು ತರಬೇತುದಾರರಿಗೂ ಕೇಳಿಸಿರಲಿಲ್ಲ. ಕಣ್ತುಂಬಾ ನೀರು. "ಕೈ ಬಿಟ್ಟು ನೋಡೋಕೆ ನನಗೆ ಒಂದು ದಿನಾನೂ ಧೈರ್ಯ ಬಂದಿರ್ಲಿಲ್ಲ. ನೀವು ಬಿಟ್ರಿ. ಕೂತ್ಕೊಂಡ್ಲು ನೋಡಿ."

ಆಗಲೇ ನಿಜ ಹೇಳಬೇಕಿತ್ತು, ಮಾತು ನಾಲಿಗೆಯ ತುದಿಗೂ ಬಂದಿತ್ತು. ಹೊರಬಿದ್ದದ್ದು ಬೇರೆ: "ಒಂದು ಹಂತದಲ್ಲಿ ಬಿಡಲೇಬೇಕಾಗುತ್ತೆ, ಮೇಡಂ." ಆ ಗಾಂಭೀರ್ಯ ನೆನೆದರೆ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ.

ಮುಂದಿನ ಮಂಗಳವಾರ ತಾಯಿ ನಗುತ್ತಲೇ ಬಂದರು. "ಇದೊಂದನ್ನ ಎಲ್ಲಿ ಕಲಿತ್ಲೋ. ಊಟಕ್ಕೆ ಕೂತರೂ ಅದೇ, ಸ್ನಾನಕ್ಕೆ ನಿಂತರೂ ಅದೇ."

"ಅಮ್ಮಾ, ಸತ್ತೆ" ಎಂದಳು ಹುಡುಗಿ. ಅವನದೇ ದನಿ, ಕೊನೆಯ ಕೀರಲು ಸಮೇತ. ಜೀನಿನ ಪಟ್ಟಿ ಬಿಗಿಯುತ್ತಿದ್ದ ತರಬೇತುದಾರರ ಕೈ ಅಲ್ಲೇ ನಿಂತಿತು.

"ಅದು ನಂದು" ಎಂದ ಪಕ್ಕದವ. "ಅವತ್ತು ನಾನು ಬೇಕು ಅಂತ ಕೈ ಬಿಟ್ಟಿದ್ದಲ್ಲ ಮೇಡಂ. ಹೆದರಿ ಓಡಿಹೋದೆ."

"ಅಂದ್ರೆ ಅವಳು ಬೀಳಬಹುದಿತ್ತು."

"ಹೂಂ."

"ವಾರವೆಲ್ಲ ಸಿಕ್ಕಿದವರ ಹತ್ರ ನಿಮ್ಮನ್ನ ಹೊಗಳ್ಕೊಂಡು ತಿರುಗಿದೆ" ಎಂದರು ತಾಯಿ. ಬೈದಿದ್ದರೆ ವಾಸಿಯಿತ್ತು. ಹುಡುಗಿಯನ್ನು ಜೀನಿನ ಮೇಲೆ ಕೂರಿಸಿದ ಮೇಲೆ, ಅವನ ಮುಖ ನೋಡದೆ ಕೇಳಿದರು: "ಇವತ್ತು ನಾನೇ ಹಿಡ್ಕೋತೀನಿ. ಎಲ್ಲಿ ಅಂತ ತೋರ್ಸಿ."

ಅವನು ತೋರಿಸಿದ, ಬೆರಳು ತಾಕದಷ್ಟು ದೂರದಿಂದ. ತರಬೇತುದಾರರು ಮೂಲೆಯಲ್ಲಿದ್ದ ಲದ್ದಿಯ ಸಲಿಕೆಯತ್ತ ಗದ್ದದಿಂದಲೇ ಸನ್ನೆ ಮಾಡಿದರು. ಅವನು ಹೋಗಿ ಎತ್ತಿಕೊಂಡ.