ಬಾಣಂತನದ ಕೋಳಿಗಳು

ಪ್ರೇಮಮ್ಮನ ಕೋಳಿಗಳ ಸಲುವಾಗಿ ಅವರ ಹತ್ತಿರ ಜಗಳ ಆಡದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ, ನನ್ನನ್ನೂ ಸೇರಿಸಿ. ಚೆನ್ನೈನ ಪೋರೂರು ಕೆರೆಯ ಕಡೆ ಹೋಗುವ ಆ ಬೀದಿಯಲ್ಲಿ ನನ್ನದು ಎದುರು ಮನೆ. ಅಂಗಳದಲ್ಲಿ ನಾನು ಕೊತ್ತಂಬರಿ ಬೀಜ ಚೆಲ್ಲುವುದೇ ತಡ, ಅವರ ಹೇಂಟೆಗಳು ಗೇಟು ನುಸುಳಿ ಬಂದು ಕೆದಕಿ ಹಾಕುತ್ತಿದ್ದವು. ಬೈಯಲು ಹೋದರೆ, "ತಿನ್ನಂಗಿದ್ರೆ ನಿಮ್ಗೂ ಮೊಟ್ಟೆ ಕೊಡ್ತಿದ್ದೆ ಕಲಾವತಮ್ಮ, ನೀವು ತಿನ್ನಲ್ವಲ್ಲ" ಎಂದು ನಗುತ್ತಿದ್ದರು. ಹಾಗೆ ನಗುವವರ ಜೊತೆ ಜಗಳ ಆಡಿ ನೋಡಿ, ಗೊತ್ತಾಗುತ್ತದೆ.

ಅವರು ಮದ್ದೂರಿನ ಕಡೆಯವರು. ಗಂಡ ತಿಮ್ಮೇಗೌಡರಿಗೆ ರೈಲ್ವೆಯಲ್ಲಿ ಕೆಲಸ. ಪೋರೂರು ಇನ್ನೂ ಮುಳ್ಳುಗಿಡದ ಬಯಲಾಗಿದ್ದಾಗ ಸೈಟು ತೆಗೆದುಕೊಂಡು, ಅರ್ಧದಲ್ಲಿ ಶೀಟಿನ ಮನೆ ಕಟ್ಟಿ, ಉಳಿದರ್ಧವನ್ನು ಒಂದು ನುಗ್ಗೆಮರಕ್ಕೂ ಕೋಳಿಗಳಿಗೂ ಬಿಟ್ಟಿದ್ದರು. ನಾನು ಹೇಳುತ್ತಿರುವ ಕೋಳಿಗಳ ಮೂಲ ಹೇಂಟೆಯನ್ನು, ಈ ಸಂಗತಿ ನಡೆಯುವುದಕ್ಕೆ ನಾಲ್ಕೈದು ವರ್ಷ ಮುಂಚೆ, ಪ್ರೇಮಮ್ಮ ತವರಿನಿಂದ ಚೀಲದಲ್ಲಿ ಕೂರಿಸಿಕೊಂಡು ರೈಲಿನಲ್ಲಿ ತಂದಿದ್ದರಂತೆ. ಕಪ್ಪಗಿತ್ತು, ಹೆಸರು ಕರಿಯವ್ವ. ಆ ಹಿತ್ತಲಿನಲ್ಲಿ ಕೂಗಿದ್ದು ಕೊಕ್ಕಿದ್ದು ಎಲ್ಲ ಕರಿಯವ್ವನ ಸಂತಾನವೇ.

ಕೋಳಿ ಸಾಕುವುದು ಸುಲಭ ಅನ್ನುವವರು ಒಂದು ತಿಂಗಳು ಸಾಕಿ ನೋಡಬೇಕು. ಮರಿಗಳ ಮೇಲೆ ಹದ್ದಿನ ಕಣ್ಣು. ಮೊಟ್ಟೆಗೆ ಮುಂಗುಸಿ. ಪಕ್ಕದಲ್ಲಿ ಫ್ಲಾಟು ಎದ್ದ ಮೇಲೆ ಅಲ್ಲಿನವರು ಮುದ್ದು ಮಾಡಿ ಕೊಬ್ಬಿಸಿದ ಬೆಕ್ಕು ಬೇರೆ. ಆ ಫ್ಲಾಟಿನವರಿಗೆ ಇಡೀ ದಿನದ ಲಾರಿ ಹಾರನ್ನು ಕಿವಿಗೆ ಹಿತವಾಗಿತ್ತು, ಹುಂಜದ ಕೂಗು ಮಾತ್ರ ಸಹಿಸಲಾಗುತ್ತಿರಲಿಲ್ಲ. ಹುಂಜ ಕತ್ತು ನೀಡಿ ಕೂಗದಿರಲೆಂದು ಪ್ರೇಮಮ್ಮ ಅದರ ಮೇಲೆ ತಗ್ಗಾದ ಮಂಕರಿ ಕವುಚಿ, ಮೇಲೊಂದು ಗೋಣಿಚೀಲ ಹೊದಿಸಿ ಮಲಗುತ್ತಿದ್ದರು.

ಎರಡು ಸಾವಿರದ ಐದರ ಮಳೆಗಾಲದ ಹೊತ್ತಿಗೆ, ಅಣ್ಣಾ ನಗರ್‌ಗೆ ಮದುವೆ ಮಾಡಿಕೊಟ್ಟಿದ್ದ ಒಬ್ಬಳೇ ಮಗಳು ಮೌನ ಬಸುರಿ ಎಂಬ ಸುದ್ದಿ ಬಂತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಅವರ ಕಡೆ ಬಾಣಂತಿಗೆ ಮೆಣಸು, ಬೆಳ್ಳುಳ್ಳಿ ಅರೆದು ಹಾಕಿದ ನಾಟಿಕೋಳಿ ಸಾರು ಆಗಲೇಬೇಕು, ಅದೂ ಮನೆಯಲ್ಲೇ ಬೆಳೆದ ಕೋಳಿ. ಪ್ರೇಮಮ್ಮ ಅದೇ ವಾರ ಕರಿಯವ್ವನಿಗೂ ಅವಳ ಮಗಳಿಗೂ ಕಾವಿಗೆ ಮೊಟ್ಟೆ ಇಟ್ಟರು. ಹೆರಿಗೆಯ ಹೊತ್ತಿಗೆ ಮರಿಗಳು ಸಾರಿಗೆ ಬರುತ್ತವೆ ಎಂಬ ಲೆಕ್ಕ. ಆ ವರ್ಷದ ಮಳೆ ಎಂಥದ್ದೆಂದು ಚೆನ್ನೈಯವರಿಗೆ ಹೇಳಬೇಕಾಗಿಲ್ಲ. ಹಿತ್ತಲಲ್ಲಿ ಮೊಣಕಾಲುದ್ದ ನೀರು ನಿಂತಾಗ ಮರಿಗಳೆಲ್ಲ ಮಂಚದ ಮೇಲೆ, ಗಂಡ ಹೆಂಡತಿ ನೆಲದ ಮೇಲೆ. "ಇವ್ವಳವು ಕೋಳಿ ಯಾರುಮ್ಮಾ ಸಾಪ್ಡುವಾ?" ಎಂದು ಮೌನ ಫೋನಿನಲ್ಲಿ ನಗುತ್ತಿದ್ದಳಂತೆ. ಓದಿದ್ದೆಲ್ಲ ಇಲ್ಲೇ, ತಾಯಿಯ ಕನ್ನಡಕ್ಕೆ ಅವಳ ಉತ್ತರ ತಮಿಳಿನಲ್ಲೇ. "ಇಷ್ಟೂ ಕೋಳಿ ನೀನೇ ತಿನ್ನಬೇಕು ಕನಮ್ಮ, ಇನ್ಯಾರು?" ಎನ್ನುತ್ತಿದ್ದರು ತಾಯಿ.

ಬೇಸಿಗೆಗೆ ಮುಂಚೆ ಕೋಳಿಗಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸಬೇಕು. ನಮ್ಮ ಕಡೆಯ ದನದ ಆಸ್ಪತ್ರೆಯಲ್ಲಿ ಶನಿವಾರ ಬೆಳಿಗ್ಗೆ ಪುಕ್ಕಟೆ ಹಾಕುತ್ತಿದ್ದರು, ಶನಿವಾರ ಮಾತ್ರ. ನಾನೇ ವಿಚಾರಿಸಿಕೊಂಡು ಬಂದು ಹೇಳಿದೆ. ಪ್ರೇಮಮ್ಮ ಕೆನ್ನೆ ಬಡಿದುಕೊಂಡರು.

"ಶನಿವಾರ ತಿಮ್ಮಪ್ಪನ ವಾರ ಕನವ್ವ. ತಲೆಗೆ ನೀರು ಹಾಕ್ಕಂಡು ಒಪ್ಪತ್ತು ಇರೋಳು ಕೋಳಿ ಮುಟ್ಟಲಾ?"

ಅವರು ತಿರುಪತಿ ತಿಮ್ಮಪ್ಪನ ಒಕ್ಕಲು. ಶನಿವಾರ ಗಂಡ ಹೆಂಡತಿ ಇಬ್ಬರೂ ಒಪ್ಪತ್ತು. ಆ ದಿನ ಗೂಡಿನ ಬಾಗಿಲನ್ನು ಕೋಲಿನಿಂದ ತಳ್ಳಿ ತೆಗೆಯುತ್ತಿದ್ದರೇ ಹೊರತು ಒಂದು ಪುಕ್ಕ ಮುಟ್ಟುತ್ತಿರಲಿಲ್ಲ. "ದೇವರು ನಿಮ್ಮ ಕೈ ಮೂಸಿ ನೋಡ್ತಾನಾ?" ಎಂದು ರೇಗಿದೆ. ಅವರು ನಕ್ಕು ಒಳಗೆ ಹೋದರು.

ಯುಗಾದಿ ಬಂತು. ಯುಗಾದಿಯ ಮಾರನೆಯ ದಿನ ಅವರಿಗೆ ಹೊಸತೊಡಕು. ಅವತ್ತು ಮಾಂಸದಡಿಗೆ ಮಾಡದಿದ್ದರೆ ವರ್ಷ ಶುರುವಾದಂತೆಯೇ ಅಲ್ಲ. ಮಗಳ ಬಾಣಂತನಕ್ಕೆ ಸಾಕಿದ ಕೋಳಿ ಕುಯ್ಯಲು ಮನಸ್ಸು ಬರಲಿಲ್ಲ. ಹಬ್ಬದ ಹಿಂದಿನ ದಿನವೇ ತಿಮ್ಮೇಗೌಡರ ಕೈಲಿ ಮಾರ್ಕೆಟ್ಟಿನಿಂದ ಒಂದು ಹುಂಜ ತರಿಸಿದರು. ಹಬ್ಬದ ದಿನ ಕುಯ್ಯುವಂತಿಲ್ಲವಲ್ಲ, ಅದನ್ನೂ ಎಲ್ಲದರ ಜೊತೆ ಗೂಡಿಗೆ ಬಿಟ್ಟರು. ಆ ಹುಂಜ ತೂಕಡಿಸುತ್ತಿತ್ತು. ಕಾಲು ಕಟ್ಟಿ ಬಿಸಿಲಲ್ಲಿ ತಂದ ಸುಸ್ತು ಅಂದುಕೊಂಡರು. ಹೊಸತೊಡಕಿಗೆ ಸಾರಾಯಿತು, ಉಂಡರು.

ವಾರ ಕಳೆಯುವುದರೊಳಗೆ ಒಂದು ಹೇಂಟೆ ಹಸಿರಾಗಿ ಹಿಕ್ಕೆ ಹಾಕಿತು. ಮರುದಿನ ಇನ್ನೊಂದರ ಕತ್ತು ತಿರುಚಿಕೊಂಡಿತು. ಪ್ರೇಮಮ್ಮ ಬೆಳ್ಳುಳ್ಳಿ, ಅರಿಶಿನ ಅರೆದು ಉಂಡೆ ಮಾಡಿ ಒಂದೊಂದರ ಬಾಯಿಗೂ ತುರುಕಿದರು. ಕಾಲ ಮೀರಿತ್ತು. ಬೆಳಿಗ್ಗೆ ಗೂಡು ತೆಗೆದರೆ ಸತ್ತವು, ಮಧ್ಯಾಹ್ನ ನುಗ್ಗೆಮರದ ನೆರಳಲ್ಲಿ ನಿಂತಲ್ಲೇ ಬಿದ್ದು ಸತ್ತವು. ತಿಮ್ಮೇಗೌಡರು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ ಮುಚ್ಚಿ ಸೋತುಹೋದರು. ಮಗಳಿಗೆಂದು ಸಾಕಿದ್ದರಲ್ಲಿ ಒಂದೂ ಉಳಿಯಲಿಲ್ಲ. ಉಳಿದದ್ದು ಕರಿಯವ್ವ ಮಾತ್ರ. ಹಬ್ಬಕ್ಕೆ ಮುಂಚೆಯೇ ಮತ್ತೆ ಕಾವಿಗೆ ಕೂತಿದ್ದ ಅದು ಬಚ್ಚಲಮನೆಯ ಮೂಲೆಯಲ್ಲಿ ಬೇರೆಯೇ ಇತ್ತು.

ದನದ ಡಾಕ್ಟರು ನೋಡಿ, ಇದು ಕೋಳಿಗಳಿಗೆ ಬರುವ ಹಳೆಯ ಕೊಕ್ಕರೆ ರೋಗ, ಮನುಷ್ಯರಿಗೆ ಭಯವಿಲ್ಲ ಅಂದರು. ಯಾರು ಕೇಳುತ್ತಾರೆ? ಟೀವಿಯಲ್ಲಿ ಮಹಾರಾಷ್ಟ್ರದ ಹಕ್ಕಿಜ್ವರ ತೋರಿಸಿದ್ದೇ ತೋರಿಸುತ್ತಿದ್ದರು. ಫ್ಲಾಟಿನವರು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಓಡಾಡತೊಡಗಿದರು. ಸುದ್ದಿ ಅಣ್ಣಾ ನಗರ್‌ಗೂ ಮುಟ್ಟಿತು. ಶುಕ್ರವಾರ ಅಳಿಯ ಅಜಯ್ ಫೋನು ಮಾಡಿದ.

"ತಪ್ಪು ತಿಳ್ಕೋಬೇಡಿ ಅತ್ತೆ. ಮನೇಲಿ ಒಂದೇ ಒಂದು ಕೋಳಿ ಇದ್ರೂ ನಾನು ಮೌನನ್ನ ಕಳ್ಸಲ್ಲ. ಹೆರಿಗೆ, ಬಾಣಂತನ ಇಲ್ಲೇ ಆಗ್ಲಿ. ಭಾನುವಾರ ಬಂದು ನೋಡ್ತೀನಿ."

ಪ್ರೇಮಮ್ಮ ಬಂದು ನಮ್ಮ ಮೆಟ್ಟಿಲ ಮೇಲೆ ಕೂತರು. ಕೋಳಿಯನ್ನು ನಮ್ಮ ಹಿತ್ತಲಲ್ಲಿ ಬಿಡಿ ಅಂದೆ. ನಾನು, ಕೋಳಿಯ ಹೆಸರೆತ್ತಿದರೆ ಸಿಡುಕುವವಳು, ಅಂದೆ. "ಬ್ಯಾಡ ಕನವ್ವ. ರೋಗ ಬಂದ ಮನೆ ಕೋಳಿನ ಇನ್ನೊಬ್ರ ಮನೆಗೆ ದಬ್ಬಬಾರ್ದು. ಅಳಿಯಂದ್ರಿಗೆ ಸುಳ್ಳೇಳಕ್ಕೂ ಆಗಲ್ಲ" ಅಂದರು.

ಮರುದಿನ ಬೆಳಿಗ್ಗೆ ಅವರ ಹಿತ್ತಲಿಗೆ ಹೋದೆ. ತಿಮ್ಮೇಗೌಡರು, ಇವತ್ತು ನನ್ನ ಕೈಲಿ ಆಗಲ್ಲ ಅಂದು ಜಗಲಿಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತುಬಿಟ್ಟಿದ್ದರು. ಪ್ರೇಮಮ್ಮನ ತಲೆ ಒದ್ದೆಯಾಗಿತ್ತು, ಹಣೆಯಲ್ಲಿ ಆಗತಾನೆ ಇಟ್ಟ ನಾಮ. ಅವರು ಮೊಟ್ಟೆಗಳ ಮೇಲಿಂದ ಕರಿಯವ್ವನನ್ನು ಎತ್ತಿದರು. ಅದು ಕೈ ಕುಕ್ಕಿತು. ಕೆಳಗೆ ಒಂದು ಮೊಟ್ಟೆ ಬಿರುಕು ಬಿಟ್ಟಿತ್ತು, ಒಳಗಿನಿಂದ ಚಿಂವ್ ಚಿಂವ್ ಎಂದು ಸಣ್ಣ ದನಿ ಬರುತ್ತಿತ್ತು. ಪ್ರೇಮಮ್ಮ ಅದನ್ನು ಕೇಳಿಸಿಕೊಂಡರು, ನಾನು ನೋಡಿದೆ. ಆಮೇಲೆ ಕತ್ತಿ ತೆಗೆದುಕೊಂಡರು. ಕೋಳಿಯನ್ನೂ ಮೊಟ್ಟೆಗಳನ್ನೂ ಒಂದೇ ಗುಂಡಿಗೆ ಹಾಕಿ ಅವರೇ ಮಣ್ಣೆಳೆದರು. ಅತ್ತವಳು ನಾನು. ಅವರು ಅಳಲಿಲ್ಲ.

ಭಾನುವಾರ ಅಜಯ್ ಬಂದ. ಫಿನಾಯಿಲ್ ವಾಸನೆ ನೋಡಿ ತೃಪ್ತಿಯಾಯಿತು, ಕಾಫಿ ಕುಡಿದು ಹೋದ. ನನಗೆ ಆ ಹುಡುಗನನ್ನು ಕಂಡರೆ ಈಗಲೂ ಆಗುವುದಿಲ್ಲ. ಹೆಂಡತಿಯ ಮೇಲಿನ ಪ್ರೀತಿಗೇ ಹಾಗೆ ಮಾಡಿದ ಎಂದು ಗೊತ್ತಿದ್ದರೂ ಆಗುವುದಿಲ್ಲ.

ದಿನ ತುಂಬುವ ಹೊತ್ತಿಗೆ ಮೌನ ಬಂದಳು, ಜೂನಿನಲ್ಲಿ ಹೆಣ್ಣುಮಗುವಾಯಿತು. ಬಾಣಂತಿಗೆ ಸಬ್ಬಸಿಗೆ ಸೊಪ್ಪಿನ ಸಾರು, ತುಪ್ಪ, ಹಾಲು. ಆ ವರ್ಷ ನನ್ನ ಕೊತ್ತಂಬರಿ ಸೊಂಪಾಗಿ ಬಂದಿತ್ತು. ಒಂದು ಹಿಡಿ ಕಿತ್ತುಕೊಂಡು ಹೋದಾಗ ಮೌನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, "ಅಮ್ಮಾ, ಕರಿಯವ್ವ ಎಂಗೆ? ಕಾಣೋಮೇ" ಎಂದು, ಅದು ಎಲ್ಲಿ, ಕಾಣಿಸುತ್ತಲೇ ಇಲ್ಲವಲ್ಲ ಅಂತ ಕೇಳುತ್ತಿದ್ದಳು. ಎಲ್ಲ ಕೋಳಿ ರೋಗಕ್ಕೆ ಹೋದವು ಎಂದಷ್ಟೇ ಅವಳಿಗೆ ಹೇಳಿದ್ದರು. ಕರಿಯವ್ವ ಹೋಗಿರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ವಯಸ್ಸಾಗಿತ್ತು ಕನಮ್ಮ" ಅಂದರು ತಾಯಿ.

ಅವತ್ತೂ ಶನಿವಾರ. ಪ್ರೇಮಮ್ಮ ಅಡುಗೆಮನೆಗೆ ಬಂದು ನನ್ನೆದುರೇ ತಟ್ಟೆಗೆ ಇಡ್ಲಿ ಹಾಕಿಕೊಂಡರು. ಒಪ್ಪತ್ತು ಇಲ್ಲವಾ ಎಂದು ಕೇಳಿದೆ.

"ಬಿಟ್ಬುಟ್ಟೆ ಕನವ್ವ" ಅಂದರು. ಇಡ್ಲಿ ಮುರಿದವರು ಬಾಯಿಗಿಡಲಿಲ್ಲ. "ಶನಿವಾರ ಕೋಳಿ ಮುಟ್ಟಲ್ಲ ಅಂದೆ. ಕುಯ್ಯಕ್ಕೆ ಮುಟ್ಟುದ್ನಲ್ಲ. ಸೂಜಿ ಹಾಕ್ಸಕ್ಕೆ ಮುಟ್ಟಿದ್ರೆ ತಿಮ್ಮಪ್ಪ ಏನಂತಿದ್ದ?"