ಕಪ್ಪೆ ಮೇಡಂ ತಿರುಗಿಸಿದ ಹಲಗೆ

ಶಾಲೆಯ ಪುಸ್ತಕಗಳನ್ನು ಹೊರತರುವ ಆ ಪ್ರಕಾಶನದ ಕಚೇರಿಗೆ ಹೋಗಿ ಅವರ ನಿಜವಾದ ಹೆಸರು ಹೇಳಿದರೆ, ಬಾಗಿಲ ಬಳಿ ಕೂತವನು ತಲೆ ಕೆರೆದುಕೊಳ್ಳುತ್ತಿದ್ದ. ಕಪ್ಪೆ ಮೇಡಂ ಅಂದರೆ ಮಾತ್ರ ಎಲ್ಲರಿಗೂ ಗೊತ್ತು. ವಿಜ್ಞಾನದ ಪುಸ್ತಕದಲ್ಲಿ ಹೊಟ್ಟೆ ಸೀಳಿಸಿಕೊಂಡು, ನಾಲ್ಕೂ ಕಾಲು ಚಾಚಿ ಮಲಗಿರುತ್ತದಲ್ಲ, ಆ ಕಪ್ಪೆ ಅವರದು. ಉದ್ದಕ್ಕೆ ಸೀಳಿದ ದಾಸವಾಳ, ಹೃದಯದ ಕೋಣೆಗಳು, ಕಿವಿಯ ಒಳಗಿನ ಸುರುಳಿ, ಎಲ್ಲವೂ ಅವರ ಕೈಯಿಂದ ಬಂದವೇ. "ನಿಮ್ಮ ಕಪ್ಪೆ ಬರೆದೂ ಬರೆದೂ ನನ್ನ ಕೈ ಬಿದ್ದುಹೋಗಿತ್ತು ಮೇಡಂ" ಎಂದು ಡಾಕ್ಟರೊಬ್ಬರು ಒಮ್ಮೆ ಅವರ ನಾಡಿ ಹಿಡಿದುಕೊಂಡೇ ಹೇಳಿದ್ದರು. ಆ ಮಾತನ್ನು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಸ್ವಲ್ಪ ಜಂಭದ ಹೆಂಗಸು. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ಜಂಭಕ್ಕೆ ಕಾರಣವೂ ಇತ್ತೆನ್ನಿ. ಕಪ್ಪು ಶಾಯಿಯಲ್ಲಿ ನಿಬ್ಬನ್ನು ಅದ್ದಿ ಕಾಗದದ ಮೇಲಿಟ್ಟರೆ ಅವರ ಗೆರೆ ಎಲ್ಲೂ ತಡವರಿಸುತ್ತಿರಲಿಲ್ಲ. ಅದರ ಗುಟ್ಟೆಲ್ಲ ಇದ್ದದ್ದು ಎಡಗೈಯಲ್ಲಿ. ಶಾಯಿಯಲ್ಲಿ ಕೆಲಸ ಮಾಡುವವರು ಬರೆಯುವ ಕೈಯನ್ನು ತಿರುಚುವುದಿಲ್ಲ, ಕಾಗದವನ್ನು ತಿರುಗಿಸುತ್ತಾರೆ. ಮಣಿಕಟ್ಟು ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಪ್ರತಿಯೊಂದು ತಿರುವೂ ಬರಬೇಕು. ಹಾಗಾಗಿ ಮೇಡಂ ಕಪ್ಪೆ ಬರೆಯುವಾಗ ಪಾಪದ ಕಪ್ಪೆ ಮೇಜಿನ ಮೇಲೆ ಗಿರಗಿರ ಸುತ್ತುತ್ತಿತ್ತು. ಎಷ್ಟೋ ವರ್ಷಗಳಿಂದ ಎಡಗೈ ಅದನ್ನು ತಾನೇ ತಾನಾಗಿ ಮಾಡುತ್ತಿತ್ತು. ಮಾಡುತ್ತಿದೆ ಅನ್ನುವುದೂ ಅವರಿಗೆ ನೆನಪಿರಲಿಲ್ಲ.

ಒಂದು ದಿನ ಸಂಪಾದಕರು ಅವರನ್ನು ಕರೆದು ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳುವಾಗ ಕನ್ನಡಕ ಒರೆಸಿಕೊಳ್ಳುವ ಅಭ್ಯಾಸ.

"ಪುಸ್ತಕ ಎಲ್ಲಾ ಹೊಸದಾಗಿ ಮಾಡ್ತಿದ್ದೀವಿ ಮೇಡಂ. ಇನ್ಮೇಲೆ ಚಿತ್ರ ಕಾಗದದ ಮೇಲೆ ಬೇಡ, ಟ್ಯಾಬ್ಲೆಟ್ಟಲ್ಲೇ ಬರೆದು ಕಳಿಸ್ಬೇಕು. ನಿಮಗೆ ಕಷ್ಟ ಆಗೋದಾದ್ರೆ ಹೇಳಿ, ಬೇರೆಯವರ ಕೈಲಿ..."

"ಅದೇನು ಮಹಾ! ಪೆನ್ನು ತಾನೇ?" ಅಂದುಬಿಟ್ಟರು ಮೇಡಂ. 'ಬೇರೆಯವರ ಕೈಲಿ' ಅನ್ನುವ ಮಾತು ಅವರಿಗೆ ಸೂಜಿ ಚುಚ್ಚಿದ ಹಾಗಾಗಿತ್ತು. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಗುರುತೇ ಇರಲಿಲ್ಲ.

ಮನೆಯಲ್ಲಿ ಸಲಹೆ ಕೇಳಬಹುದಾದವಳು ಒಬ್ಬಳಿದ್ದಳು, ಸೊಸೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕಸೂತಿ ಯಂತ್ರಗಳಿಗೆ ಹೂವು, ಬಳ್ಳಿ, ಗಿಣಿ ಬಿಡಿಸಿಕೊಡುವುದು ಅವಳ ಕೆಲಸ. ಅದನ್ನೆಲ್ಲ ಟ್ಯಾಬ್ಲೆಟ್ ಮೇಲೆಯೇ ಮಾಡುತ್ತಿದ್ದಳು. ಆದರೆ ಮದುವೆಯಾಗಿ ಬಂದ ಹೊಸತರಲ್ಲಿ ಅವಳು ತಾನು ಬಿಡಿಸಿದ ಗಿಣಿಯೊಂದನ್ನು ತೋರಿಸಿದಾಗ ಅತ್ತೆ, "ಗಿಣಿನಾ ಇದು? ನಾನು ಬದನೆಕಾಯಿ ಅಂದ್ಕೊಂಡೆ" ಎಂದು ನಕ್ಕಿದ್ದರು. ಆಮೇಲೆ ಅವಳು ಏನನ್ನೂ ತೋರಿಸಿರಲಿಲ್ಲ. ಈಗ ಅವಳನ್ನೇ ಕೇಳುವುದು ಹೇಗೆ? ಅವಳಾಗಿಯೇ ಹೇಳಿದಳು.

"ಅತ್ತೆ, ಸ್ಕ್ರೀನ್ ಇರೋದನ್ನೇ ತಗೊಳ್ಳಿ. ಅದರ ಮೇಲೇ ಚಿತ್ರ ಕಾಣುತ್ತೆ, ಕಾಗದದ ಹಾಗೆ ಬರೀಬಹುದು. ಸ್ಕ್ರೀನ್ ಇಲ್ಲದ್ದು ಬರೀ ಕಪ್ಪು ಹಲಗೆ. ಬರೆಯೋದು ಇಲ್ಲಿ, ನೋಡೋದು ಎದುರಿಗಿರೋ ಕಂಪ್ಯೂಟರಲ್ಲಿ. ಅಭ್ಯಾಸ ಇಲ್ಲದವರಿಗೆ ತುಂಬಾ ಕಷ್ಟ."

ಅಭ್ಯಾಸ ಇಲ್ಲದವರು! ಅತ್ತೆಗೆ ಕೇಳಿಸಿದ್ದು ಅದೊಂದೇ.

ಅಂಗಡಿಯಲ್ಲಿ ಎರಡು ಬಗೆಯವನ್ನೂ ಮೇಜಿನ ಮೇಲಿಟ್ಟಿದ್ದರು. "ಒಂದು ಸಲ ಬರೆದು ನೋಡಿ ಅಮ್ಮಾ" ಎಂದು ಅಂಗಡಿಯವನು ಪೆನ್ನು ಕೊಡಲು ಬಂದ. ಪಕ್ಕದಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ಒಂದು ಟ್ಯಾಬ್ಲೆಟ್ ಮೇಲೆ ಸರಸರ ಬೆಕ್ಕು ಬಿಡಿಸುತ್ತಿದ್ದಳು. ಅವಳ ಮುಂದೆ ಪೆನ್ನು ಹಿಡಿದು ತಡಕಾಡುವುದೇ? ಮೇಡಂ ಕೈ ಹಿಂದಕ್ಕೆಳೆದುಕೊಂಡರು.

"ಸ್ಕ್ರೀನ್ ಇರೋದಾ, ಇಲ್ಲದ್ದಾ?" ಎಂದು ಅಂಗಡಿಯವನು ಕೇಳಿದ.

"ಸ್ಕ್ರೀನ್ ಎಲ್ಲಾ ಕಲಿಯೋರಿಗೆ. ನನಗೆ ಇದೇ ಸಾಕು" ಎಂದು ಕಪ್ಪು ಹಲಗೆಯತ್ತ ಬೆರಳು ಮಾಡಿದರು.

ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ ನೋಡಿ ಹಲಗೆಯನ್ನು ಮೇಜಿನ ಮೇಲೆ ಹರಡಿದರು. ಮೊದಲ ಗೆರೆ ನೆಟ್ಟಗೇ ಬಂತು. ಖುಷಿಯಾಗಿ ಕಪ್ಪೆಯ ಪಕ್ಕೆಗೆ ಕೈಹಾಕಿದರು. ತಿರುವು ಬಂದ ಕೂಡಲೇ ಎಡಗೈ ತನ್ನ ಕೆಲಸ ತಾನು ಮಾಡಿತು, ಹಲಗೆಯನ್ನು ತಿರುಗಿಸಿಬಿಟ್ಟಿತು. ಎದುರಿನ ಕಂಪ್ಯೂಟರೇನು ತಿರುಗುತ್ತದೆಯೇ? ಕೆಳಗೆ ಎಳೆದ ಗೆರೆ ಅಲ್ಲಿ ಅಡ್ಡಡ್ಡ ಓಡಿತು. ಪಕ್ಕೆಯಿಂದ ಹೊರಟದ್ದು ಹೊಟ್ಟೆ ದಾಟಿ ಅಂಚಿಗೆ ಹೋಗಿ ನಿಂತಿತು. ಅಳಿಸಿ ಮತ್ತೆ ಬರೆದರು, ಎಡಗೈ ಮತ್ತೆ ತಿರುಗಿಸಿತು. ಕೊನೆಗೆ ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತರು. ಆಗ ಬಲಗೈ ಬರೆಯುವುದನ್ನೇ ಮರೆತಂತೆ ಎಲ್ಲೆಲ್ಲೋ ಹೋಯಿತು. ಕಪ್ಪೆ ಅಂತ ಬಂದದ್ದನ್ನು ನೋಡಿ ಅವರಿಗೆ ಅಳು ಬರುವಂತಾಯಿತು.

"ಹಲಗೆ ತಿರುಗಿಸಬಾರದು ಅತ್ತೆ" ಎಂದು ಬೆನ್ನ ಹಿಂದಿನಿಂದ ದನಿ ಬಂತು. ಸೊಸೆ ಕೆಲಸದಿಂದ ಬೇಗ ಬಂದಿದ್ದಳು.

"ನಂಗೊತ್ತು. ಸುಮ್ನೆ ನೋಡ್ತಿದ್ದೆ" ಎಂದು ಕಂಪ್ಯೂಟರ್ ಮುಚ್ಚಿದರು. ಅವಳು ನಗಲಿಲ್ಲ. ನಕ್ಕಿದ್ದರೆ ಎರಡು ಮಾತು ಬೈದು ಹಗುರಾಗಬಹುದಿತ್ತು. ಅಂಗಡಿಗೆ ಮರಳಿ ಹೋಗಿ ಬದಲಾಯಿಸಿಕೊಂಡು ಬರಬಹುದಿತ್ತು ಕೂಡ, ಆದರೆ ಅದಕ್ಕೆ ಸೊಸೆಯ ಮುಂದೆ 'ನೀನು ಹೇಳಿದ್ದೇ ಸರಿ' ಅನ್ನಬೇಕು. ಅದೊಂದು ಆಗದ ಮಾತು.

ಚಿತ್ರಗಳನ್ನು ಕಳಿಸಬೇಕಾದ ದಿನ ಹತ್ತಿರವಾಯಿತು. ಮೇಡಂ ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಬರೆದಿಟ್ಟುಕೊಂಡು, ಒಂದು ಸಂಜೆ ಕಣ್ಣುಜ್ಜುತ್ತ ಸೊಸೆಯ ಹತ್ತಿರ ಬಂದರು. "ಯಾಕೋ ಕಣ್ಣು ಉರಿ ಕಣೇ. ಇದನ್ನ ನೋಡ್ಕೊಂಡು ಟ್ಯಾಬ್ಲೆಟ್ಟಲ್ಲಿ ಸ್ವಲ್ಪ ಗೆರೆ ಎಳೆದುಕೊಡ್ತೀಯಾ?"

ಕಣ್ಣಿಗೆ ಏನೂ ಆಗಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಸೊಸೆ ಎಳೆದುಕೊಟ್ಟಳು. ಮರುದಿನ ಇನ್ನೊಂದು. ಬರಬರುತ್ತ ಅತ್ತೆಯ ಪೆನ್ಸಿಲ್ ಗುರುತುಗಳು ಕಡಿಮೆಯಾದವು, ಸೊಸೆಯ ಕೆಲಸ ಹೆಚ್ಚಾಯಿತು. ಕಾರ್ಖಾನೆಯಿಂದ ಬಂದು ಮುಖ ತೊಳೆದವಳೇ ಕೂರುತ್ತಿದ್ದಳು, "ಇವತ್ತು ಯಾವುದು ಅತ್ತೆ?" ಅಂಗೈಯ ಮೂಳೆಗಳ ಚಿತ್ರವನ್ನಂತೂ ಅತ್ತೆ ಮುಟ್ಟಲೇ ಇಲ್ಲ. ಅವರ ಕೈಯನ್ನೇ ಮೇಜಿನ ಮೇಲೆ ಇಡಿಸಿಕೊಂಡು, ಗೆಣ್ಣುಗಳನ್ನು ಒತ್ತಿ ನೋಡಿ ಅಂದಾಜು ಮಾಡುತ್ತ ಸೊಸೆಯೇ ಪೂರ್ತಿ ಬರೆದಳು. ಬೆರಳ ತುದಿಯ ಪುಟ್ಟ ಮೂಳೆಯವರೆಗೆ ಎಷ್ಟು ಚೆನ್ನಾಗಿ ಬಂತೆಂದರೆ ಅತ್ತೆಗೆ ಮೆಚ್ಚುಗೆಯೂ ಹೊಟ್ಟೆಕಿಚ್ಚೂ ಒಟ್ಟಿಗೇ ಆಯಿತು. ಬಾಯಿಂದ ಬಂದದ್ದು "ಪರವಾಗಿಲ್ಲ" ಅಷ್ಟೇ.

ಕಚೇರಿಗೆ ಹೋಗಬೇಕಾದ ದಿನ ಸೊಸೆಗೆ ರಜೆಯಿತ್ತು. ಕಂಪ್ಯೂಟರ್ ಭಾರ ಎಂದು ಚೀಲವನ್ನು ತಾನೇ ಹೆಗಲಿಗೆ ಹಾಕಿಕೊಂಡು ಜೊತೆಗೆ ಬಂದಳು. ಸಂಪಾದಕರು ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಅಂಗೈಯ ಮೂಳೆಗಳು ಬಂದಾಗ ಅಲ್ಲೇ ನಿಂತರು.

"ಏನು ಮೇಡಂ ಇದು! ನಿಮ್ಮ ಕೈಗೆ ಇನ್ನೂ ವಯಸ್ಸೇ ಆಗಿಲ್ಲ. ಶಾಯಿಗಿಂತ ಇದೇ ಚೆನ್ನಾಗಿದೆ." ಆಮೇಲೆ ಸೊಸೆಯ ಕಡೆ ನೋಡಿದರು. "ಇವರು?"

ಆ ಕ್ಷಣ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲೆಂದೇ ಬಾಯಿ ತೆರೆದರು ಅಂತಲೂ ಇಟ್ಟುಕೊಳ್ಳೋಣ.

"ನಮ್ಮ ಸೊಸೆ. ಬ್ಯಾಗ್ ಹಿಡ್ಕೊಂಡು ಬಂದಿದ್ದಾಳೆ."

"ನೀವೂ ಚಿತ್ರ ಬರೀತೀರೇನಮ್ಮಾ?" ಎಂದು ಸಂಪಾದಕರು ಅವಳನ್ನೇ ಕೇಳಿದರು. ಅವಳು ಉತ್ತರಿಸುವ ಮೊದಲೇ ಅತ್ತೆ, "ಅಯ್ಯೋ, ಅವಳದು ಬಟ್ಟೆ ಮೇಲೆ ಹೂ ಬಿಡಿಸೋ ಕೆಲಸ" ಅಂದುಬಿಟ್ಟರು. ಸೊಸೆ ನೆಲ ನೋಡುತ್ತ ಸಣ್ಣಗೆ ನಕ್ಕಳು. ಸಂಪಾದಕರು ಇನ್ನೂ ಖುಷಿಯಲ್ಲೇ ಇದ್ದರು. ಹೊಸದಾಗಿ ಸೇರಿದ ಕಲಾವಿದರಿಗೆ ಮುಂದಿನ ವಾರ ಒಂದು ಸಲ ಬರೆದು ತೋರಿಸಬೇಕೆಂದು ಕೇಳಿಕೊಂಡರು. ಮೇಡಂ ಆಗಲಿ ಎಂದರು. ಆಗಲ್ಲ ಅನ್ನುವುದಾದರೂ ಹೇಗೆ?

ಬಸ್ಸಿನಲ್ಲಿ ಸೊಸೆ ಅವರಿಗೆ ಸೀಟು ಹಿಡಿದುಕೊಟ್ಟು ತಾನು ನಿಂತೇ ಬಂದಳು. ಮರುದಿನ ಸಂಜೆ ಎಂದಿನಂತೆ ಮುಖ ತೊಳೆದು ಬಂದು, "ಇವತ್ತು ಯಾವುದು ಅತ್ತೆ?" ಎಂದಳು. ಮಗಳ ವಯಸ್ಸಿನವಳು ದುಡಿದದ್ದನ್ನು ನನ್ನದೆಂದು ಹೇಳಿಕೊಂಡು, ಅವಳನ್ನು ಅವಳ ಎದುರಿಗೇ ಮೂಟೆ ಹೊರುವವಳನ್ನಾಗಿ ಮಾಡಿ ಬಂದಿದ್ದೆನಲ್ಲ ಎಂದು ಮೇಡಂಗೆ ತಮ್ಮ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾದರೂ ಹೇಳಲಿಲ್ಲ ನೋಡಿ. ಅವಳಿಲ್ಲದ ಹೊತ್ತಿನಲ್ಲಿ ಕದ್ದು ಅಭ್ಯಾಸ ಮಾಡಿ, ಹೇಗಾದರೂ ಆ ಒಂದು ದಿನ ಮಾನ ಉಳಿಸಿಕೊಳ್ಳಬೇಕೆಂದು ಹೊರಟರು. ಹಲಗೆಯ ಮೂಲೆಗಳಿಗೆ ಟೇಪು ಅಂಟಿಸಿ ಮೇಜಿಗೆ ಬಿಗಿದರು. ಎಡಗೈ ಟೇಪು ಕಿತ್ತು ತಿರುಗಿಸಿತು.

"ತಲೆನೋವು ಅಂತ ಹೇಳಿಬಿಡಿ ಅತ್ತೆ" ಎಂದಳು ಸೊಸೆ, ಕಚೇರಿಗೆ ಹೋಗಬೇಕಾದ ಹಿಂದಿನ ದಿನ. ಎಲ್ಲ ನೋಡಿಕೊಂಡೇ ಇದ್ದಳು.

ಅವರು ಹೋದರು, ಸೊಸೆಯನ್ನೂ ಬಾ ಎಂದು ಕರೆದುಕೊಂಡು ಹೋದರು. ಹೊಸ ಕಲಾವಿದರು ಮೇಜಿನ ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಡಂ ಬರೆಯುವುದೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂತೆ ಸಂಪಾದಕರು ಏರ್ಪಾಡು ಮಾಡಿದ್ದರು. "ನಿಮ್ಮ ಕಪ್ಪೆ ಬರೀರಿ ಮೇಡಂ" ಎಂದರು. ಮೇಡಂ ಪೆನ್ನು ಇಟ್ಟರು. ಪಕ್ಕೆಯ ತಿರುವು ಬಂತು, ಎಡಗೈ ಹಲಗೆ ತಿರುಗಿಸಿತು, ಗೋಡೆಯ ಮೇಲೆ ಗೆರೆ ಅಡ್ಡಡ್ಡ ಓಡಿತು. ಯಾರೋ ಕೆಮ್ಮಿನಲ್ಲಿ ನಗು ನುಂಗಿದರು.

"ಟ್ಯಾಬ್ಲೆಟ್ ಏನೋ ಕೆಟ್ಟಿರ್ಬೇಕು" ಎಂದರು ಸಂಪಾದಕರು.

"ಹೌದು ಸರ್, ನಿನ್ನೆಯಿಂದ ಸರಿಯಾಗಿ ಕೆಲಸ ಮಾಡ್ತಿಲ್ಲ" ಎಂದು ಮೂಲೆಯಿಂದ ಸೊಸೆ ತಟ್ಟನೆ ಹೇಳಿದಳು.

ಹೌದು ಅಂದರೆ ಮುಗಿಯುತ್ತಿತ್ತು. ಆದರೆ ತಮಗಾಗಿ ಅವಳು ಸುಳ್ಳೂ ಹೇಳಬೇಕಾಯಿತಲ್ಲ ಎಂದು ಅನ್ನಿಸಿದ್ದೇ ಮೇಡಂ ಪೆನ್ನು ಕೆಳಗಿಟ್ಟರು.

"ಏನೂ ಕೆಟ್ಟಿಲ್ಲ. ನನಗೆ ಇದು ಬರೋದಿಲ್ಲ. ನೀವು ಮೆಚ್ಚಿಕೊಂಡ ಚಿತ್ರ ಎಲ್ಲಾ ಬರೆದಿದ್ದು ನಮ್ಮ ಸೊಸೆ. ನಾನು ನನ್ನದು ಅಂತ ಹೇಳಿಕೊಂಡೆ."

ಸಂಪಾದಕರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಸೊಸೆಯ ಕಡೆ ತಿರುಗಿ, "ಹಾಗಾದ್ರೆ ಮುಂದಿನ ಪಾಠಗಳ ಬಗ್ಗೆ ನಿಮ್ಮ ಹತ್ರಾನೇ ಮಾತಾಡ್ತೀನಮ್ಮಾ" ಎಂದರು. ಹೊಸಬರಲ್ಲೊಬ್ಬ ಎದ್ದು ಅವಳಿಗೆ ಕುರ್ಚಿ ಸರಿಸಿಕೊಟ್ಟ. ಮೇಡಂಗೆ ಹೋಗಿ ಬನ್ನಿ ಎಂದರು, ಮರ್ಯಾದೆಯಿಂದಲೇ. ಕೆಲಸ ಕೈಬಿಟ್ಟು ಹೋಯಿತು ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸೊಸೆ ಮಾತು ಮುಗಿಸಿ ಬರುವವರೆಗೆ ಹೊರಗೆ ಕಾದು, ಅವಳ ಜೊತೆ ಬಸ್ ನಿಲ್ದಾಣದಲ್ಲಿ ನಿಂತಾಗ ಮೇಡಂಗೆ ವಿಚಿತ್ರವೆಂಬಂತೆ ಮನಸ್ಸು ಹಗುರಾಗಿತ್ತು. ಅಷ್ಟು ಜನರೆದುರು ಹೇಳಿದೆನಲ್ಲ, ಎಲ್ಲರಿಂದ ಆಗುತ್ತದೆಯೇ ಎಂದು ಒಳಗೊಳಗೇ ಬೀಗುತ್ತಲೂ ಇದ್ದರು. ಅಷ್ಟು ಸುಲಭಕ್ಕೆ ಹೋಗುವ ಜಂಭವಲ್ಲ ಅದು. ಸೊಸೆ ಏನಾದರೂ ಅಂದಾಳು ಎಂದು ಕಾದರು. ಅವಳು ರಸ್ತೆ ನೋಡುತ್ತಿದ್ದಳು.

"ಹೇಳಿಬಿಟ್ಟೆ ನೋಡು" ಎಂದು ತಾವೇ ಶುರು ಮಾಡಿದರು. "ನಿನಗೆ ಸಮಾಧಾನ ಆಯ್ತಾ?"

"ಅವರಿಗೆ ಹೇಳಿದ್ರಿ ಅತ್ತೆ" ಎಂದಳು ಸೊಸೆ. ದನಿಯಲ್ಲಿ ಸಿಟ್ಟಿರಲಿಲ್ಲ. "ನನಗೇನೂ ಹೇಳಲಿಲ್ಲ. ಬ್ಯಾಗ್ ಹಿಡ್ಕೊಂಡು ಬಂದಿದ್ದಾಳೆ ಅಂದಿದ್ದು ನನ್ನನ್ನ."

ಮೇಡಂ ಬೀಗಿದ್ದೆಲ್ಲ ಅಲ್ಲೇ ಇಳಿದುಹೋಯಿತು. ಕಚೇರಿಯಲ್ಲಿ ಅಷ್ಟು ಜನರ ಮುಂದೆ ಬಂದ ಮಾತು ಇಲ್ಲಿ ಒಬ್ಬಳ ಮುಂದೆ ಬರಲೊಲ್ಲದು. ಅವಳ ಮುಖ ನೋಡಲಾಗದೆ ಅವಳ ಕೈ ನೋಡಿದರು. ಪೆನ್ನು ಒತ್ತಿ ಒತ್ತಿ ನಡುಬೆರಳ ಪಕ್ಕ ಗಟ್ಟಿಯಾಗಿತ್ತು. ಇಷ್ಟು ದಿನ ಆ ಕೈಯಿಂದ ಕೆಲಸ ತೆಗೆದಿದ್ದರು, ಒಮ್ಮೆಯೂ ನೋಡಿರಲಿಲ್ಲ.

"ತಪ್ಪಾಯ್ತು ಕಣಮ್ಮ" ಎಂದರು. ಸೊಸೆಗೆ ಅವರು ಹಾಗೆ ಹೇಳಿದ್ದು ಅದೇ ಮೊದಲು.

ಹೇಳಿ, 'ಅಯ್ಯೋ, ಬಿಡಿ ಅತ್ತೆ, ಅಷ್ಟಕ್ಕೆಲ್ಲ ಯಾಕೆ' ಎನ್ನುವ ಮಾತಿಗೆ ಕಾದರು. ಎಲ್ಲರೂ ಅನ್ನುವ ಮಾತು ಅದು. ಬರಲಿಲ್ಲ.

"ಹ್ಞೂಂ" ಎಂದಳು ಸೊಸೆ. ಬಸ್ಸು ಬಂತು, ಇಬ್ಬರೂ ಹತ್ತಿದರು.